ಗೋಡೆಕಾಗದದ ಮರೆಯ ನಿಸರ್ಗ: ರಾಬರ್ಟ್ ಡಂಕನ್‌ಸನ್

ಅಮೆರಿಕದ ಭೂದೃಶ್ಯ ಚಿತ್ರಕಲೆಯ ಚರಿತ್ರೆಯಲ್ಲಿ ರಾಬರ್ಟ್ ಎಸ್. ಡಂಕನ್‌ಸನ್ (1821–1872) ಅವರದು ವಿಶಿಷ್ಟ ಸ್ಥಾನ. ನ್ಯೂಯಾರ್ಕ್ ರಾಜ್ಯದ ಸ್ವತಂತ್ರ ಕಪ್ಪುಜನರ ಕುಟುಂಬವೊಂದರಲ್ಲಿ ಹುಟ್ಟಿ, ಮಿಶಿಗನ್ನಿನ ಮನ್ರೋ ಪಟ್ಟಣದಲ್ಲಿ ಬೆಳೆದವರು. ಮರಗೆಲಸ, ಮನೆಗಳಿಗೆ ಬಣ್ಣ ಬಳಿಯುವುದು ಅವರ ಮನೆತನದ ವೃತ್ತಿ. ತಾರುಣ್ಯದಲ್ಲಿ ಅದನ್ನೇ ಕೈಗೊಂಡರಾದರೂ ಬೇಗನೆ ಅದನ್ನು ತೊರೆದು, ಚಿತ್ರಕಾರರಾಗುವ ಹಂಬಲದಿಂದ ಸಿನ್ಸಿನಾಟಿಗೆ ತೆರಳಿದರು. ಕಲಾಶಾಲೆಯ ಶಿಕ್ಷಣ ಅವರಿಗೆ ದೊರೆಯಲಿಲ್ಲ. ಮುದ್ರಿತ ಚಿತ್ರಗಳನ್ನು ನಕಲು ಮಾಡುತ್ತ, ಭಾವಚಿತ್ರಗಳನ್ನು ಬರೆಯುತ್ತ, ನಿಸರ್ಗವನ್ನೇ ಗುರುವಾಗಿಸಿಕೊಂಡು ಕೈಪಳಗಿಸಿಕೊಂಡರು.

ಸಿನ್ಸಿನಾಟಿ ಗಡಿಯೂರು. ಓಹಿಯೊ ನದಿಯ ಈ ದಡದಲ್ಲಿ ಗುಲಾಮಗಿರಿ ನಿಷಿದ್ಧ. ಆಚೆಯ ಕೆಂಟಕಿಯಲ್ಲಿ ಅದು ಶಾಸನಸಮ್ಮತ. ಪಲಾಯನಗೈದ ಗುಲಾಮರನ್ನು ಹಿಡಿದೊಪ್ಪಿಸುವ ಕಾಯಿದೆ 1850ರಲ್ಲಿ ಕಠೋರವಾಯಿತು. ಅದೇ ಹೊತ್ತಿಗೆ ಆ ನಗರದ ಶ್ರೀಮಂತ ನಿಕೊಲಸ್ ಲಾಂಗ್‌ವರ್ತ್ ತನ್ನ ಮನೆಯ ಗೋಡೆಗಳಿಗೆ ಬೃಹತ್ ಭೂದೃಶ್ಯಗಳನ್ನು ಬರೆಯಿಸಿದ್ದು ಡಂಕನ್‌ಸನ್ ಅವರಿಂದ. 1851ರ 'ಬ್ಲೂ ಹೋಲ್, ಲಿಟಲ್ ಮಯಾಮಿ ರಿವರ್' ಚಿತ್ರದಲ್ಲಿ ಕಾಡಿನ ನಡುವಿನ ನಿಶ್ಚಲ ಜಲರಾಶಿ, ದಡದಲ್ಲಿ ಮೀನು ಹಿಡಿಯುವವರ ಪುಟ್ಟ ಆಕೃತಿಗಳು ಮಾತ್ರ ಇವೆ. ಗುಲಾಮಗಿರಿಯ ವಸ್ತು ನೇರವಾಗಿ ಕಾಣಿಸುವುದು 1853ರ 'ಅಂಕಲ್ ಟಾಮ್ ಆ್ಯಂಡ್ ಲಿಟಲ್ ಇವಾ' ಚಿತ್ರದಲ್ಲಿ. ಅವರ ಕೃತಿಗಳಲ್ಲಿ ಅದು ಅಪವಾದವೆನ್ನಬೇಕು.

ಹಾಗಾದರೆ ಈ ಪ್ರಶಾಂತ ನಿಸರ್ಗ ಪಲಾಯನವೇ? ಕೆಲವು ವಿದ್ವಾಂಸರು ಅವರ ಭೂದೃಶ್ಯಗಳಲ್ಲಿ ಗೂಢ ಪ್ರತಿರೋಧವನ್ನು ಕಾಣುತ್ತಾರೆ. ಮತ್ತೆ ಕೆಲವರು ಅದನ್ನು ಒಪ್ಪುವುದಿಲ್ಲ. ನನ್ನ ಅಭಿಪ್ರಾಯದಲ್ಲಿ, ಪ್ರತಿ ಚಿತ್ರದಲ್ಲಿಯೂ ಸಂಕೇತವನ್ನು ಅಗೆದು ತೆಗೆಯುವುದು ಅನಗತ್ಯ. ಕಪ್ಪು ಕಲಾವಿದನು ತನ್ನ ಜನಾಂಗದ ನೋವನ್ನಷ್ಟೇ ಚಿತ್ರಿಸಬೇಕೆಂಬ ನಿರೀಕ್ಷೆಯೂ ಒಂದು ಬಗೆಯ ಬಂಧನವೇ. ಹೊಳೆ, ಬೆಟ್ಟ, ಆಕಾಶಗಳು ತನಗೂ ಸಲ್ಲುತ್ತವೆಂದು ಕುಂಚದಿಂದ ಸಾಧಿಸುವುದು ಆ ಕಾಲದಲ್ಲಿ ಸಣ್ಣ ಮಾತಾಗಿರಲಿಲ್ಲ.

ಅಂತರ್ಯುದ್ಧದ ನಡುವೆ, 1863ರಲ್ಲಿ ಅವರು ಕೆನಡಾದ ಮಾಂಟ್ರಿಯಲ್ ಸೇರಿದರು; ಅಲ್ಲಿಯ ಭೂದೃಶ್ಯ ಕಲೆಯ ಮೇಲೆಯೂ ಅವರ ಪ್ರಭಾವವಾಯಿತು. 1865ರಲ್ಲಿ ಬ್ರಿಟನ್ನಿಗೆ ಹೋಗಿ ಮನ್ನಣೆ ಗಳಿಸಿದರು. ಕೊನೆಯ ವರ್ಷಗಳಲ್ಲಿ ಮನೋವ್ಯಾಧಿ ಅವರನ್ನು ಕಾಡಿತು. ಬಣ್ಣದಲ್ಲಿದ್ದ ಸೀಸದ ವಿಷವೇ ಅದಕ್ಕೆ ಕಾರಣವಿರಬಹುದೆಂಬ ಊಹೆಯಿದೆ. 1872ರ ಡಿಸೆಂಬರಿನಲ್ಲಿ ಡೆಟ್ರಾಯಿಟ್‌ನಲ್ಲಿ ತೀರಿಕೊಂಡರು.

ಲಾಂಗ್‌ವರ್ತ್‌ನ ಬಳಿಕ ಆ ಭಿತ್ತಿಚಿತ್ರಗಳ ಮೇಲೆ ಗೋಡೆಕಾಗದ ಅಂಟಿಸಲಾಯಿತು. ಆ ಮನೆ ಟಾಫ್ಟ್ ವಸ್ತುಸಂಗ್ರಹಾಲಯವಾದ 1930ರ ದಶಕದಲ್ಲಿ ಅವು ಮತ್ತೆ ಬೆಳಕು ಕಂಡವು. ಬಣ್ಣ ಬಳಿಯುವವರ ಮನೆಯಲ್ಲಿ ಬೆಳೆದವರು ಗೋಡೆಯ ಮೇಲೆ ಬರೆದ ನಿಸರ್ಗ, ಕಾಗದದ ಮರೆಯಲ್ಲಿಯೂ ಅಳಿಯದೆ ಉಳಿದಿತ್ತು.