ಪೀಠ ಹೋದರೂ ಪಾಠ ಉಳಿಯಿತು

ಯುರೋಪಿನ ತತ್ವಶಾಸ್ತ್ರ ಎಂದೊಡನೆ ನಮಗೆ ನೆನಪಾಗುವುದು ಕಾಂಟ್ ಮತ್ತು ಹೆಗೆಲ್. ಆದರೆ ಅದೇ ಜರ್ಮನ್ ಭಾಷೆಯಲ್ಲಿ ಬರೆದ ಆಸ್ಟ್ರಿಯಾ ಸಾಮ್ರಾಜ್ಯದ ಚಿಂತಕರಲ್ಲಿ ಅನೇಕರು ಬೇರೆ ದಾರಿ ಹಿಡಿದರು. ಲೈಬ್ನಿಟ್ಸ್ ಅವರಿಂದ ಬಂದ ತರ್ಕಾಸಕ್ತಿ, ಗಣಿತದ ಶಿಸ್ತು, ಸ್ಪಷ್ಟವಾದ ಮಾತು ಈ ಪರಂಪರೆಯ ಲಕ್ಷಣಗಳು. ಇದರ ಮೂಲಪುರುಷರಲ್ಲಿ ಪ್ರಮುಖರು ಪ್ರಾಗ್ ನಗರದ ಬರ್ನಾರ್ಡ್ ಬೊಲ್ಜಾನೊ (1781–1848).

ಪಾದ್ರಿಯೂ ಗಣಿತಜ್ಞರೂ ಆಗಿದ್ದ ಬೊಲ್ಜಾನೊ 1805ರಲ್ಲಿ ಪ್ರಾಗ್ ವಿಶ್ವವಿದ್ಯಾಲಯದಲ್ಲಿ ಧರ್ಮಬೋಧನೆಯ ಪೀಠಕ್ಕೆ ನೇಮಕಗೊಂಡರು. ಯುದ್ಧವನ್ನೂ ಸಾಮಾಜಿಕ ಅಸಮಾನತೆಯನ್ನೂ ಟೀಕಿಸುತ್ತಿದ್ದ ಅವರ ಉಪನ್ಯಾಸಗಳು ಸರ್ಕಾರಕ್ಕೆ ಹಿಡಿಸಲಿಲ್ಲ. 1819ರ ಕೊನೆಯಲ್ಲಿ ಚಕ್ರವರ್ತಿಯ ಆಜ್ಞೆಯಂತೆ ಅವರನ್ನು ಹುದ್ದೆಯಿಂದ ತೆಗೆಯಲಾಯಿತು. ಅವರ ನಾಲ್ಕು ಸಂಪುಟಗಳ ‘ವಿಜ್ಞಾನ ಸಿದ್ಧಾಂತ’ 1837ರಲ್ಲಿ ಪ್ರಕಟವಾದದ್ದು ಸ್ವದೇಶದಲ್ಲಲ್ಲ, ಬವೇರಿಯಾದ ಸುಲ್ಜ್‌ಬಾಖ್‌ನಲ್ಲಿ.

ಒಂದು ಹೇಳಿಕೆಯ ಸತ್ಯ ಯಾರ ಅನಿಸಿಕೆಯನ್ನೂ ಅವಲಂಬಿಸಿಲ್ಲ ಎಂಬುದು ಈ ಗ್ರಂಥದ ಬುನಾದಿ. ಒಂದು ಮಾತಿನಿಂದ ಇನ್ನೊಂದು ಹೇಗೆ ಸಿದ್ಧವಾಗುತ್ತದೆ ಎಂಬುದನ್ನೂ ಅದು ವಿವರಿಸುತ್ತದೆ. ಉದಾಹರಣೆಗೆ: ಎಲ್ಲ ತೆಂಗಿನ ಮರಗಳಿಗೂ ಬೇರಿದೆ, ಇದು ತೆಂಗಿನ ಮರ, ಆದ್ದರಿಂದ ಇದಕ್ಕೂ ಬೇರಿದೆ. ‘ತೆಂಗಿನ ಮರ’, ‘ಬೇರು’ ಎಂಬ ಪದಗಳ ಜಾಗದಲ್ಲಿ ಬೇರೆ ಏನನ್ನಿಟ್ಟರೂ, ಮೊದಲೆರಡು ಮಾತು ನಿಜವಾದಾಗಲೆಲ್ಲ ಮೂರನೆಯದೂ ನಿಜವಾಗುತ್ತದೆ. ಸುಮಾರು ನೂರು ವರ್ಷಗಳ ನಂತರ, 1936ರಲ್ಲಿ, ಪೋಲೆಂಡಿನ ಆಲ್ಫ್ರೆಡ್ ಟಾರ್ಸ್ಕಿ ಕೊಟ್ಟ ವ್ಯಾಖ್ಯೆ ಇದನ್ನು ಬಹಳವಾಗಿ ಹೋಲುತ್ತದೆ.

ಪೀಠ ಕಳೆದುಕೊಂಡವರ ವಿಚಾರ ಉಳಿದದ್ದು ಹೇಗೆ? 1848ರ ಕ್ರಾಂತಿಯ ನಂತರ ಆಸ್ಟ್ರಿಯಾದ ಶಿಕ್ಷಣ ಸುಧಾರಣೆಯಾಗಿ, ಪ್ರೌಢಶಾಲೆಗಳಿಗೆ ತತ್ವಶಾಸ್ತ್ರದ ಪಠ್ಯ ಬೇಕಾಯಿತು. ಅದನ್ನು ಬರೆದವರು ಬೊಲ್ಜಾನೊ ಅವರ ಶಿಷ್ಯ ರಾಬರ್ಟ್ ಜಿಮ್ಮರ್‌ಮನ್. ಗುರುವಿನ ತರ್ಕದ ಬಹುಭಾಗ ಆ ಪುಸ್ತಕದಲ್ಲಿ ಸೇರಿ ಶಾಲಾಮಕ್ಕಳ ಕೈಗೆ ತಲುಪಿತು. 1860ರ ಎರಡನೇ ಮುದ್ರಣದಲ್ಲಿ ಅದು ಮರೆಯಾಯಿತು. ಆದರೂ ಎಳೆ ಕಡಿಯಲಿಲ್ಲ. ವಿಯೆನ್ನಾದಲ್ಲಿ ಜಿಮ್ಮರ್‌ಮನ್ ಮತ್ತು ಫ್ರಾಂಜ್ ಬ್ರೆಂಟಾನೊ ಅವರ ಬಳಿ ಕಲಿತ ಕಾಜಿಮಿರ್ ಟ್ವಾರ್ಡೋವ್‌ಸ್ಕಿ ತಮ್ಮ 1894ರ ಕೃತಿಯಲ್ಲಿ ಬೊಲ್ಜಾನೊ ವಿಚಾರಗಳನ್ನು ಬಳಸಿದರು. 1895ರಲ್ಲಿ ಅವರು ಈಗಿನ ಉಕ್ರೇನಿನ ಲ್ವಿವ್‌ಗೆ ಹೋಗಿ ಕಟ್ಟಿದ ಶಿಷ್ಯಪರಂಪರೆಯಲ್ಲೇ ಮುಂದೆ ಟಾರ್ಸ್ಕಿ ಬೆಳೆದರು. 1900ರಲ್ಲಿ ಹುಸರ್ಲ್ ಕೂಡ ಬೊಲ್ಜಾನೊರನ್ನು ಮಹಾನ್ ತರ್ಕಶಾಸ್ತ್ರಜ್ಞರ ಸಾಲಿನಲ್ಲಿ ಎಣಿಸಿದರು.

ಒಂದು ಆಜ್ಞೆಯಿಂದ ಅಧ್ಯಾಪಕನ ಹುದ್ದೆಯನ್ನು ಕಿತ್ತುಕೊಳ್ಳಬಹುದು, ಅವನು ಕಲಿಸಿದ್ದನ್ನಲ್ಲ. ಆದರೆ ಅದು ತಾನಾಗಿ ಉಳಿಯುವುದೂ ಇಲ್ಲ. ಓದಿ, ಬರೆದು, ಮುಂದಿನವರಿಗೆ ದಾಟಿಸುವ ವಿದ್ಯಾರ್ಥಿಗಳು ಬೇಕು. ಶಾಲೆಯ ಪಠ್ಯಪುಸ್ತಕವನ್ನು ಹಗುರವಾಗಿ ಕಾಣುವವರು ಈ ಇತಿಹಾಸವನ್ನು ಒಮ್ಮೆ ನೆನೆಯಬೇಕು.