ಪಹಣಿಯಿಂದ ಹೊರಬಿದ್ದ ಹಳ್ಳಿಗಳು

ಬಸವೇಶ್ವರನಗರದ ಹಳೆಯ ಮನೆಗಳ ಕಾಗದಪತ್ರ ಬಿಚ್ಚಿದರೆ ಸಾಣೆಗುರುವನಹಳ್ಳಿಯ ಸರ್ವೆ ನಂಬರ್ ಕಾಣುತ್ತದೆ. ರಾಜಾಜಿನಗರದ ಕಡೆ ಕೇತಮಾರನಹಳ್ಳಿ, ವಿಜಯನಗರದ ಕಡೆ ಹೊಸಹಳ್ಳಿ. ಹೊಲಗಳ ಮೇಲೆ ಬಡಾವಣೆ ಎದ್ದರೂ ಊರಿನ ಹೆಸರು ಪತ್ರದಲ್ಲಿ ಉಳಿದಿದೆ. ಆದರೆ ಆ ಜಮೀನಿನ ಕಥೆ ಒಂದೇ ಪುಸ್ತಕದಲ್ಲಿ ಸಿಗುವುದಿಲ್ಲ.

ವಂಶಪಾರಂಪರ್ಯವಾಗಿ ಲೆಕ್ಕ ಬರೆಯುತ್ತಿದ್ದ ಶಾನುಭೋಗರ ಹುದ್ದೆ 1961ರ ಕಾಯ್ದೆಯಿಂದ ರದ್ದಾಯಿತು. ದಫ್ತರ ಗ್ರಾಮ ಲೆಕ್ಕಿಗರ ಕೈಗೆ ಬಂತು. 1964ರ ಭೂಕಂದಾಯ ಕಾಯ್ದೆ ಹಕ್ಕುದಾಖಲೆಗೆ ಗಟ್ಟಿ ಚೌಕಟ್ಟು ಕೊಟ್ಟಿತು. ಪಹಣಿಯ 9ನೇ ಕಲಂನಲ್ಲಿ ಮಾಲೀಕ, 11ರಲ್ಲಿ ಋಣ, 12ರಲ್ಲಿ ಸಾಗುವಳಿದಾರ ಮತ್ತು ಬೆಳೆ. ಕ್ರಯ, ಪೌತಿ, ವಿಭಾಗ, ಯಾವುದೇ ಆಗಲಿ, ಹಕ್ಕು ಬದಲಾದಾಗಲೆಲ್ಲ ಮ್ಯುಟೇಶನ್ ವಹಿಯಲ್ಲಿ ನಮೂದು ಬೀಳಬೇಕು. ಪಹಣಿ ಇಂದಿನ ಸ್ಥಿತಿ ಹೇಳಿದರೆ, ಆ ವಹಿಯ ಎಂ.ಆರ್. ಸಂಖ್ಯೆ ಅದು ಹೇಗೆ ಬಂತೆಂದು ಹೇಳುತ್ತದೆ.

ಈ ವಹಿಗಳನ್ನು ಕಂಪ್ಯೂಟರಿಗೆ ತರುವಾಗ ಎದ್ದ ಪ್ರಶ್ನೆ: ಯಾವುದನ್ನು ಒಳಗೆ ಸೇರಿಸುವುದು?

1991ರಲ್ಲಿ ಗುಲ್ಬರ್ಗ ಜಿಲ್ಲೆಯಲ್ಲಿ ಮೊದಲ ಪ್ರಯೋಗ ನಡೆಯಿತು. ಆರಂಭದ ಗಣಕೀಕರಣದಲ್ಲಿ ದಾಖಲೆ ಟೈಪಾಯಿತೇ ಹೊರತು ಬದಲಾವಣೆ ಸೇರಿಸಲು ದಾರಿ ಇರಲಿಲ್ಲ. ಮಾಹಿತಿ ಬೇಗ ಹಳತಾಯಿತು. 2000ದ ಹೊತ್ತಿಗೆ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದಾಳತ್ವದಲ್ಲಿ ಬಂದ ‘ಭೂಮಿ’ ಗಣಕೀಕರಣ ಯೋಜನೆ ಆ ಪಾಠ ಕಲಿತಿತ್ತು. 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆ ಒಳಗೆ ಬಂದವು. ಮ್ಯುಟೇಶನ್ ಅರ್ಜಿಗೆ ಸರದಿ ನಿಗದಿಯಾಯಿತು, ನೌಕರರ ಪ್ರವೇಶಕ್ಕೆ ಬೆರಳಚ್ಚು ಬಂತು. ಗಣಕೀಕರಣ ಮುಗಿದ ಕಡೆ ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಕೌಂಟರಿನಲ್ಲಿ ಆಗ 15 ರೂಪಾಯಿ ಕೊಟ್ಟರೆ ಪ್ರತಿ ಕೈಗೆ ಸಿಗುತ್ತಿತ್ತು.

ಹೊರಗುಳಿದದ್ದೂ ಬಹಳ. ದಶಕಗಳ ಕೈಬರಹದ ಸಂಪುಟಗಳು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲೇ ಇದ್ದವು. ಸರ್ವೆ ನಕ್ಷೆ ಬೇರೆ ಇಲಾಖೆಯದು. ಭೂಪರಿವರ್ತನೆಯಾಗಿ ನಿವೇಶನವಾದ ನೆಲದ ಲೆಕ್ಕ ನಗರಾಡಳಿತದ ಆಸ್ತಿ ತೆರಿಗೆಯ ಖಾತೆಗೆ ಸೇರಿತು. ಪಶ್ಚಿಮ ಬೆಂಗಳೂರಿಗೆ ಇದು ದೊಡ್ಡ ಬಿರುಕು: ಕೆಂಗೇರಿ ಹೋಬಳಿಯ ತೋಟಕ್ಕೆ ಪಹಣಿ, ಕೆಂಗೇರಿ ಉಪನಗರದ ಮನೆಗೆ ಖಾತೆ. ಪಕ್ಕಪಕ್ಕದ ನೆಲಕ್ಕೆ ಎರಡು ಚರಿತ್ರೆ. ರೈತನ ದಾಖಲೆಗೆ ಸಿಕ್ಕ ಭದ್ರತೆ ನಗರದ ನಿವೇಶನಕ್ಕೂ ಅಂದೇ ಸಿಗಬೇಕಿತ್ತು.

2024ರಲ್ಲಿ ಬೆಂಗಳೂರು ಪಾಲಿಕೆಯ ವ್ಯಾಪ್ತಿಯಲ್ಲಿ ಆಸ್ತಿ ನೋಂದಣಿಗೆ ಇ-ಖಾತಾ ಕಡ್ಡಾಯವಾದಾಗ ಹಳೆಯ ಪ್ರಶ್ನೆ ಮತ್ತೆ ಎದ್ದಿತು. ಪೂರ್ಣ ಅನುಮೋದನೆಯಿದ್ದ ಎ ಖಾತಾದವರ ಜೊತೆ ಅದಿಲ್ಲದ ಬಿ ಖಾತಾದವರೂ ಸಾಲಿನಲ್ಲಿ ನಿಂತರು. ಅವರಲ್ಲಿ ಹಲವರ ನಿವೇಶನ ಹುಟ್ಟಿದ್ದೇ ಪಹಣಿಗೂ ಅನುಮೋದಿತ ಬಡಾವಣೆಗೂ ನಡುವಿನ ಸಂದಿಯಲ್ಲಿ. ಅಂಥ ಮನೆಯ ಹಿಂದಿನ ಕಥೆ ಬೇಕಾದವರು ಈಗಲೂ ಕ್ರಯಪತ್ರ, ಖಾತೆ ಹಿಡಿದು ತಾಲ್ಲೂಕು ಕಚೇರಿಗೆ ಹೋಗಿ ಹಳೆಯ ಕೈಬರಹದ ಪಹಣಿಯ ನಕಲಿಗೆ ಅರ್ಜಿ ಕೊಡುತ್ತಾರೆ.