ಇಸಿಲದ ದಾರಿಯಲ್ಲಿ ಎರಡು ದಿನ

ಪ್ರವಾಸವೆಂದೊಡನೆ ನಮ್ಮವರ ಮನಸ್ಸು ಮಲೆನಾಡಿನ ಕಡೆಗೋ ಕಡಲ ಕಡೆಗೋ ಹೊರಳುತ್ತದೆ. ಹಿರಿಯೂರಿನಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯಲ್ಲಿ ಚಳ್ಳಕೆರೆಯನ್ನು ಹಾಯುವವರು ಕಾಫಿಗೆಂದು ಗಳಿಗೆ ಹೊತ್ತು ನಿಂತು, ಬರಡು ಸೀಮೆಯೆಂದು ಗೊಣಗಿ, ಮುಂದಕ್ಕೆ ಸಾಗುವುದೇ ಹೆಚ್ಚು. ಮೊನ್ನೆ ಸ್ನೇಹಿತರ ಮಗನೊಬ್ಬ ಬಂದು, “ಎರಡು ದಿನದ ಬಿಡುವಿದೆ ಮೇಷ್ಟ್ರೇ, ಕಾರಿನಲ್ಲಿ ಹೋಗಿ, ಒಂದಿಷ್ಟು ನಡೆದಾಡಿ, ಮೃಗಪಕ್ಷಿಗಳನ್ನು ಕಂಡು, ಊರ ಊಟ ಉಂಡು ಬರುವಂಥ ಸ್ಥಳ ಹೇಳಿ” ಎಂದ. ಚಳ್ಳಕೆರೆ, ಮೊಳಕಾಲ್ಮೂರು ಎಂದೆ. ಆತ ನಕ್ಕ. ಅವನಿಗೆ ಆಗ ಹೇಳಲಾಗದೆ ಹೋದ ಉತ್ತರವನ್ನು ಈಗ ನಿಮ್ಮೆದುರು ಇಡುತ್ತಿದ್ದೇನೆ.

ಈ ಸೀಮೆಗೆ ಬಂದಿರುವ ಅತ್ಯಂತ ಹಳೆಯ ಕಾಗದವೇ ಒಬ್ಬ ಪ್ರವಾಸಿಯದು. 1892ರಲ್ಲಿ ಬಿ. ಎಲ್. ರೈಸ್ ಅವರು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟ ಈ ಮೂರೂ ಕಡೆ ಅಶೋಕನ ಶಾಸನಗಳನ್ನು ಕಂಡುಹಿಡಿದರು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆ ಅದು. ರಾಜಾಜ್ಞೆಯಾದರೂ ನಮ್ಮ ಹಿರಿಯರ ಕಾಗದಗಳಂತೆ ಮೊದಲು ಆರೋಗ್ಯ ವಿಚಾರಿಸಿಯೇ ಮಾತಿಗಿಳಿಯುತ್ತದೆ. ಅದರಲ್ಲಿ 256 ಎಂಬೊಂದು ಅಂಕಿಯುಂಟು. ಬುದ್ಧನ ನಿರ್ವಾಣದಿಂದ ಎಣಿಸಿದ ವರ್ಷವೆಂದು ಬ್ಯೂಲರ್ ಮೊದಲಾದ ವಿದ್ವಾಂಸರು ಅದನ್ನು ಅರ್ಥೈಸಿದ್ದರು. ದೊರೆ ಮನೆ ಬಿಟ್ಟು ಸಂಚಾರದಲ್ಲಿ ಕಳೆದ ರಾತ್ರಿಗಳ ಲೆಕ್ಕವದು ಎಂಬುದು ಅನಂತರ ಬಲವಾದ ಅಭಿಪ್ರಾಯ. ಎಂಟೂವರೆ ತಿಂಗಳು ದಾರಿಯಲ್ಲೇ ಇದ್ದವನ ಮಾತಿದು ಎಂದಾಯಿತು. ಎರಡು ದಿನಕ್ಕೆ ಹೊರಟ ನಾವು ಇದನ್ನು ನೆನೆದರೆ ಗಡಿಯಾರ ನೋಡುವ ಚಾಳಿ ಕೊಂಚ ತಗ್ಗೀತು.

ಹೊರಡುವುದಾದರೆ ಮಳೆ ಕಳೆದ ಮೇಲೆ ಹೊರಡಿ. ವರ್ಷಕ್ಕೆ 500 ಮಿಲಿಮೀಟರೂ ಮಳೆ ಕಾಣದ ಸೀಮೆಯಿದು. ಬಿದ್ದಷ್ಟು ಮಳೆಯ ಫಲ ಆಗಲೇ ಕಣ್ಣಿಗೆ ಕಾಣುವುದು. ನಾನು ಎಂ.ಎ. ಓದುತ್ತಿದ್ದಾಗ ಬೇಸಿಗೆಯ ನಡುಮಧ್ಯಾಹ್ನ ಬ್ರಹ್ಮಗಿರಿಗೆ ಹೋಗಿ, ಶಾಸನದ ಬಂಡೆ ಯಾವುದೆಂದು ತಿಳಿಯದೆ ಬಿಸಿಲಲ್ಲಿ ಅಲೆದು ದಣಿದದ್ದುಂಟು. ಕೊನೆಗೆ ಆಡು ಕಾಯುವ ಹುಡುಗನೊಬ್ಬ ಕೈಹಿಡಿದು ಕರೆದೊಯ್ದ.

ಮೊದಲ ದಿನ ಚಳ್ಳಕೆರೆಯಿಂದ ನಾಯಕನಹಟ್ಟಿಯ ಕಡೆಗೆ ತಿರುಗಿರಿ. ದಾರಿಯ ಎರಡೂ ಬದಿಗೆ ಹಬ್ಬಿದ ಹುಲ್ಲುಗಾವಲೇ ಅಮೃತಮಹಲ್ ಕಾವಲು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಗೆ ‘ಅಮೃತಮಹಲ್’ ಎಂಬ ಹೆಸರಿಟ್ಟವನು ಟಿಪ್ಪು. ದಂಡಿನ ಫಿರಂಗಿ ಎಳೆಯುತ್ತಿದ್ದ ಹೋರಿಗಳ ತಳಿಯಿದು. ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಿಗೆಯ ಕಾವಲು ಎಂದು ವಿಂಗಡಿಸಿ, ಹುಲ್ಲು ನೀರು ನೋಡಿಕೊಂಡು ಹಿಂಡುಗಳನ್ನು ಸಾಗಿಸುತ್ತಿದ್ದರು. ಪ್ರವಾಸದ ಯೋಜನೆಯೆಂದರೆ ಅದು! ನಮ್ಮದೇನು ಮಹಾ?

ಬೆಳಗಿನ ಹೊತ್ತು ಕಾವಲಿನ ಅಂಚಿನಲ್ಲಿ ಸದ್ದಿಲ್ಲದೆ ನಡೆಯಿರಿ. ಅದೃಷ್ಟವಿದ್ದರೆ ಕೃಷ್ಣಮೃಗ ಕಂಡೀತು. ನೆಲಕ್ಕೆ ನೆಲವಾಗಿ ಕೂತ ಗೌಜಲಕ್ಕಿ ಕಾಲಬುಡದಿಂದಲೇ ಎದ್ದು ಬೆಚ್ಚಿಬೀಳಿಸೀತು. ಆದರೆ ಬಹಳ ದೂರ ನಡೆಯಲಾರಿರಿ. 2010ರ ಸುಮಾರಿಗೆ ಇಲ್ಲಿನ ಸಾವಿರಾರು ಎಕರೆ ಕಾವಲನ್ನು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳಿಗೆ ಕೊಡಲಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯೊಂದಕ್ಕೇ 1,500 ಎಕರೆ. ಗೋಡೆಗಳೆದ್ದವು. ಕುರಿಗಾರರ ಹಳ್ಳಿಗಳ ದೂರು ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ವಿಜ್ಞಾನ ಬೇಡವೆನ್ನುವ ಮನುಷ್ಯ ನಾನಲ್ಲ. ನನ್ನ ತಕರಾರು ‘ಖಾಲಿ ಜಾಗ’ ಎಂಬ ಒಂದು ಮಾತಿನ ಮೇಲೆ. ಮರವಿಲ್ಲದ ನೆಲವೆಲ್ಲ ಖಾಲಿಯಲ್ಲ. ಚಳ್ಳಕೆರೆಯ ಸಂತೆಯಲ್ಲಿ ಕೊಂಡು ನಾವು ಹೆಮ್ಮೆಯಿಂದ ಹೊದೆಯುವ ಕಂಬಳಿಯ ಉಣ್ಣೆ ಬೆಳೆದದ್ದು ಈ ಖಾಲಿ ಜಾಗದಲ್ಲೇ. ದೇವರ ಹೆಸರಿನಲ್ಲಿ ಹಸುಗಳ ಹಿಂಡನ್ನು ಕಟ್ಟಿ ಕಿಲಾರಿಗಳಿಂದ ಕಾಯಿಸುವ ಮ್ಯಾಸಬೇಡರ ಹಟ್ಟಿಗಳೂ ಇದನ್ನೇ ನಂಬಿದಂಥವು. ಅವರು ಸಂಪ್ರದಾಯದಂತೆ ಕೋಳಿ ತಿನ್ನುವವರಲ್ಲ. ಹಟ್ಟಿಯಲ್ಲಿ ಅತಿಥಿಗಳಾದರೆ ನೆನಪಿರಲಿ.

ಊಟದ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. ಪೇಟೆಯಲ್ಲಿ ಎಲ್ಲೆಡೆ ಶೇಂಗಾ. ಎಣ್ಣೆ ಗಾಣಗಳಿಂದಲೇ ಹೆಸರಾದ ಊರು ಚಳ್ಳಕೆರೆ. ಆದರೆ ಶೇಂಗಾ ಅಮೆರಿಕ ಖಂಡದಿಂದ ಬಂದ ಹೊಸ ನೆಂಟ. ಹಳಬರನ್ನು ಕಾಣಬೇಕಾದರೆ ಹುರುಳಿ ಸಾರು, ಕೊರಲೆ ಅನ್ನ ಕೇಳಿ. ದಕ್ಷಿಣದ ನವಶಿಲಾಯುಗದ ನೆಲೆಗಳಲ್ಲಿ ಸುಟ್ಟು ಕರಕಾದ ಹುರುಳಿ, ಹೆಸರು, ಕೊರಲೆಯ ಕಾಳುಗಳೇ ಸಿಕ್ಕಿವೆ. ರಾಗಿಮುದ್ದೆಯ ಜೊತೆ ಹುರುಳಿ ಸಾರು ಉಣ್ಣುವಾಗ ನಾಲ್ಕು ಸಾವಿರ ವರ್ಷದ ಪಾಕ ನಿಮ್ಮ ತಟ್ಟೆಯಲ್ಲಿರುತ್ತದೆ. ಸಂಜೆಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಇದ್ದೇ ಇದೆ.

ಮಾರನೆಯ ದಿನ ತಳುಕಿನ ಮೇಲೆ ಹಾಯ್ದು ಮೊಳಕಾಲ್ಮೂರು ಸೇರಿರಿ. ತಳುಕು ಟಿ. ಎಸ್. ವೆಂಕಣ್ಣಯ್ಯನವರ ಊರು, ತ.ರಾ.ಸು. ಅವರ ಮನೆತನದ ಊರು; ಕನ್ನಡದ ಮೇಷ್ಟ್ರಾದವನು ಅಲ್ಲಿ ಇಳಿಯದೆ ಹೋಗಲಾರ. ಮೊಳಕಾಲ್ಮೂರಿನಲ್ಲಿ ಮಗ್ಗದ ಸದ್ದು ಕೇಳಿ, ರೇಷ್ಮೆ ಸೀರೆಯ ಅಂಚು ನೋಡಿ. ಆ ಸೀರೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಬಂಡೆಗುಡ್ಡಗಳಲ್ಲಿ ಕರಡಿಗಳುಂಟು, ಮುಸ್ಸಂಜೆಗೆ ಮುನ್ನ ಇಳಿದುಬಿಡಿ.

ಬ್ರಹ್ಮಗಿರಿಯ ಬುಡದಲ್ಲಿ ಮೈಸೂರಿನ ಎಂ. ಎಚ್. ಕೃಷ್ಣ ಅವರು ಮೊದಲು ಅಗೆದರು. 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದು, ಕಲ್ಲುಕೊಡಲಿಯ ಜನ, ಬೃಹತ್ ಶಿಲಾಗೋರಿಗಳ ಜನ, ಆಂಧ್ರರ ಕಾಲದ ಜನ ಎಂದು ಪದರ ಪದರವಾಗಿ ಬಿಡಿಸಿ ತೋರಿಸಿದರು. ಕಲ್ಲುಕೊಡಲಿಯ ಕಾಲಕ್ಕೆ ಅವರು ಕೊಟ್ಟ ತೇದಿ ಮುಂದಿನ ಸಂಶೋಧನೆಗಳಿಂದ ಇನ್ನೂ ಬಹು ಹಿಂದಕ್ಕೆ ಸರಿದಿದೆ. ಆ ಮೊದಲ ಪದರದ ಜನವೂ ದನ ಸಾಕಿದವರೇ.

ಶಾಸನವನ್ನು ಬರೆದವನು ಚಪಡನೆಂಬ ಲಿಪಿಕಾರ. ಇಡೀ ಶಾಸನವನ್ನು ಬ್ರಾಹ್ಮೀ ಲಿಪಿಯಲ್ಲಿ ಬರೆದು, ತನ್ನ ವೃತ್ತಿಯ ಹೆಸರನ್ನು ಮಾತ್ರ ಬಲದಿಂದೆಡಕ್ಕೆ ಓದುವ ಖರೋಷ್ಠಿಯಲ್ಲಿ ಗೀಚಿದ್ದಾನೆ. ಅದು ಗಾಂಧಾರದ ಕಡೆಯ ಲಿಪಿ. ಎಷ್ಟು ದೂರ ನಡೆದಿದ್ದನೋ! ಅವನು ಬರೆದ ಆಜ್ಞೆಯ ತಿರುಳು ಸರಳವಾದದ್ದು: ತಾಯಿತಂದೆಯರ ಸೇವೆ, ಪ್ರಾಣಿಗಳಲ್ಲಿ ದಯೆ, ಸತ್ಯದ ನುಡಿ, ಗುರುವಿಗೆ ಗೌರವ.

ಇನ್ನೊಂದು ಸಂಗತಿ ನನಗೆ ಇವೆಲ್ಲಕ್ಕಿಂತ ಪ್ರಿಯವಾದುದು. ಅಕ್ಷರ ಓದಲು ಬಾರದೆ ಹೋದ ಶತಮಾನಗಳಲ್ಲಿ ಜನ ಈ ಬಂಡೆಗಳಿಗೆ ತಮ್ಮದೇ ಹೆಸರಿಟ್ಟುಕೊಂಡಿದ್ದರು. ಬ್ರಹ್ಮಗಿರಿಯದು ಅಕ್ಷರಗುಂಡು. ಸಿದ್ದಾಪುರದ್ದು ಎಮ್ಮೆ ಕಾಯುವ ತಿಮ್ಮಯ್ಯನ ಗುಂಡು. ಜಟಾಯು ಬಿದ್ದ ಸ್ಥಳವೆಂದು ನಂಬುವ ಜಟಿಂಗ ರಾಮೇಶ್ವರ ಬೆಟ್ಟದ ಮೇಲಿನದು ಬಳೆಗಾರರ ಗುಂಡು. ಜಾತ್ರೆಯ ದಿನ ಬಳೆಗಾರರು ಮಲಾರ ಇಳಿಸಿ ಅಂಗಡಿ ಹೂಡುತ್ತಿದ್ದುದು ಅದರ ಬಳಿಯಲ್ಲೇ. ಬೆಟ್ಟಕ್ಕೆ ನಸುಕಿನಲ್ಲೇ ಹತ್ತಿ, ನೀರು ಒಯ್ಯಿರಿ. ಮೇಲೆ ಗಾಳಿ ಜೋರು.